ನೆವರ್ನ್ ಕೋಟೆಯ ಮಣ್ಣಿನಲ್ಲಿ ಒಂದು ಬೇಸಿಗೆ

ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಒಂದು ಹಾಳು ಕೋಟೆಯ ಉತ್ಖನನಕ್ಕೆ ಸ್ವಯಂಸೇವಕಿಯಾಗಿ ಹೋಗಿ ಬಂದೆ. ಅರ್ಜಿ ಹಾಕಿದ್ದು ಜನವರಿಯ ಚಳಿಯಲ್ಲಿ, ಕೊನೆಯ ಮಡಕೆ ಚೂರು ತೊಳೆದಿಟ್ಟದ್ದು ನವೆಂಬರಿನ ಮಳೆಯಲ್ಲಿ. ನಡುವೆ ಕರಣೆ ಹಿಡಿದು ಮಣ್ಣು ಕೆರೆದ ಕಾಲ ತೀರ ಸ್ವಲ್ಪ. ಉಳಿದದ್ದೆಲ್ಲ ಕಾಯುವುದು, ಅಳೆಯುವುದು, ಬರೆಯುವುದು, ತೊಳೆಯುವುದು. ಇಲ್ಲಿರುವ ಕನ್ನಡದವರು ಕೆಲವರು ‘ನಾವೂ ಹೋಗಬಹುದಾ? ಯಾರನ್ನ ಕೇಳಬೇಕು?’ ಎಂದು ವಿಚಾರಿಸುತ್ತಿದ್ದಾರೆ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಹೋಗುವ ಮೊದಲು ನನಗೆ ಇದನ್ನೆಲ್ಲ ಹೇಳುವವರು ಯಾರೂ ಇರಲಿಲ್ಲ.

ನೆವರ್ನ್ ಎಂಬುದು ವೇಲ್ಸ್‌ನ ಪೆಂಬ್ರೋಕ್‌ಶೈರ್ ಜಿಲ್ಲೆಯ ಪುಟ್ಟ ಹಳ್ಳಿ. ಸಂತ ಬ್ರಿನಾಕ್‌ನ ಹೆಸರಿನ ಹಳೆಯ ಚರ್ಚು, ಅದರ ಅಂಗಳದಲ್ಲಿ ಕೊಂಬೆಯಿಂದ ಕೆಂಪು ರಸ ಒಸರುವ ಯೂ ಮರ, ಸುಮಾರು 4 ಮೀಟರ್ ಎತ್ತರದ ಕೆತ್ತನೆಯ ಕಲ್ಲಿನ ಶಿಲುಬೆ. ಅಲ್ಲಿಂದ ಕಡಿದಾದ ದಾರಿ ಹತ್ತಿದರೆ ಮರಗಳ ನಡುವೆ ಕೋಟೆ. ಕೋಟೆ ಅಂದರೆ ಏಳು ಸುತ್ತಿನ ಗೋಡೆ, ಬತೇರಿ, ಹೆಬ್ಬಾಗಿಲು ಎಂದುಕೊಂಡೇ ಬೆಳೆದ ಚಿತ್ರದುರ್ಗ ಸೀಮೆಯವಳು ನಾನು. ಇಲ್ಲಿ ಮೇಲ್ನೋಟಕ್ಕೆ ಕಾಣುವುದು ಒಂದು ಎತ್ತರದ ಮಣ್ಣಿನ ದಿಬ್ಬ, ಏರಿಗಳು, ಬಂಡೆ ಕಡಿದು ಮಾಡಿದ ಕಂದಕ, ಮಿಕ್ಕಂತೆ ಹುಲ್ಲು. ಗೋಡೆಗಳೆಲ್ಲ ಮಣ್ಣಿನ ಕೆಳಗಿವೆ.

12ನೇ ಶತಮಾನದ ಆರಂಭದಲ್ಲಿ ರಾಬರ್ಟ್ ಫಿಟ್ಸ್‌ಮಾರ್ಟಿನ್ ಎಂಬ ನಾರ್ಮನ್ (ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದವರ) ಸರದಾರ ಈ ಸೀಮೆ ಹಿಡಿದು ಇಲ್ಲಿ ಕೋಟೆ ಎಬ್ಬಿಸಿದ. 1136ರಲ್ಲಿ ಅದು ವೆಲ್ಷರ, ಅಂದರೆ ವೇಲ್ಸ್‌ನ ಮೂಲ ಜನರ, ಕೈಸೇರಿತು. ರಾಬರ್ಟನ ಮಗ ವಿಲಿಯಂ, ಈ ಭಾಗದ ಬಲಾಢ್ಯ ವೆಲ್ಷ್ ದೊರೆ ಲಾರ್ಡ್ ರೀಸ್‌ನ ಮಗಳು ಆಂಗ್‌ಹರಾದ್‌ಳನ್ನು ಮದುವೆಯಾದ. ಕೋಟೆ ಮತ್ತೆ ಅವನದಾಯಿತು. ಮಣ್ಣು ಮರದ ಕೋಟೆ ಕಲ್ಲಿನದಾದದ್ದು ಆಗಲೇ. ಆದರೆ 1191ರಲ್ಲಿ ಅದೇ ಮಾವ ಅಳಿಯನ ಕೋಟೆಯನ್ನು ಕಿತ್ತುಕೊಂಡ. 1194ರಲ್ಲಿ ರೀಸ್‌ನ ಸ್ವಂತ ಮಕ್ಕಳೇ ಅವನನ್ನು ಇದೇ ಕೋಟೆಯಲ್ಲಿ ಸೆರೆಯಿಟ್ಟರು. ಮರುವರ್ಷ, 1195ರಲ್ಲಿ, ನಾರ್ಮನ್ನರ ಪಾಲಾಗದಿರಲಿ ಎಂದು ಇನ್ನೊಬ್ಬ ಮಗ ಹವೆಲ್ ಸೈಸ್ ಇದನ್ನು ಕೆಡವಿದ. ಫಿಟ್ಸ್‌ಮಾರ್ಟಿನ್ ಮನೆತನ ಪಕ್ಕದ ನ್ಯೂಪೋರ್ಟ್‌ಗೆ ಹೋಗಿ ನೆಲೆಸಿತು. ಇಲ್ಲಿ ಮತ್ತೆ ಯಾರೂ ಕೋಟೆ ಕಟ್ಟಲಿಲ್ಲ. ಹಾಗಾಗಿ 12ನೇ ಶತಮಾನದ್ದು ಆಮೇಲಿನವರ ಕಟ್ಟಡಗಳಡಿ ಹುದುಗದೆ ಇದ್ದ ಹಾಗೇ ಇದೆ. ಡರಮ್ ವಿಶ್ವವಿದ್ಯಾಲಯದ ಕ್ರಿಸ್ ಕೇಪಲ್ ಅವರ ನೇತೃತ್ವದಲ್ಲಿ 2008ರಿಂದ ಹಲವು ಬೇಸಿಗೆ ಇಲ್ಲಿ ಉತ್ಖನನ ನಡೆಯಲು, ವಿದ್ಯಾರ್ಥಿಗಳ ಜೊತೆ ಸುತ್ತಲಿನ ಊರಿನವರೂ ಇಳಿದು ಕೆಲಸ ಮಾಡಲು ಇದೇ ಕಾರಣ.

ನಾನಿರುವುದು ವೇಲ್ಸ್‌ನದೇ ಸ್ವಾನ್ಸಿ ನಗರದಲ್ಲಿ. ಲೈಬ್ರರಿಯ ನೋಟೀಸ್ ಬೋರ್ಡಿನಲ್ಲಿ ‘ಅನುಭವ ಬೇಕಿಲ್ಲ’ ಎಂಬ ಸಾಲು ನೋಡಿ ಅರ್ಜಿ ತರಿಸಿಕೊಂಡೆ. ಫೀಸ್ ಇರಲಿಲ್ಲ. ಎಲ್ಲ ಕಡೆಯೂ ಹೀಗಿಲ್ಲ ಎಂಬುದು ತಿಳಿದಿರಲಿ: ತರಬೇತಿ ಶಾಲೆಯಂತೆ ನಡೆಸುವ ಉತ್ಖನನಗಳಲ್ಲಿ ವಾರಕ್ಕೆ ನೂರಾರು ಪೌಂಡ್ ತೆಗೆದುಕೊಳ್ಳುತ್ತಾರೆ. ಫಾರಂನಲ್ಲಿ ವಯಸ್ಸು, ಆರೋಗ್ಯ, ಬೆನ್ನು ಮಂಡಿಗಳ ಸ್ಥಿತಿ, ತುರ್ತಿಗೆ ಯಾರನ್ನು ಕರೆಯಬೇಕು, ಧನುರ್ವಾಯು ಚುಚ್ಚುಮದ್ದು ಆಗಿದೆಯೇ, ಫೋಟೊ ತೆಗೆದರೆ ಅಡ್ಡಿಯಿಲ್ಲವೇ ಎಂದೆಲ್ಲ ಕೇಳಿದ್ದರು. ಯಾಕೆ ಬರಬೇಕೆಂದಿದ್ದೀರಿ ಎಂಬ ಪ್ರಶ್ನೆಯೂ ಇತ್ತು. ಮೊಳಕಾಲ್ಮೂರಿನ ಹತ್ತಿರದವಳು, ಚಿಕ್ಕಂದಿನಿಂದ ಹಾಳು ಕೋಟೆಗಳ ಸುತ್ತ ಆಡಿದವಳು, ಅವುಗಳನ್ನು ಓದುವುದು ಹೇಗೆಂದು ಒಮ್ಮೆಯಾದರೂ ಕಲಿಯಬೇಕು ಎಂದು ಬರೆದೆ.

ಉತ್ತರ ಬರಲು ಏಪ್ರಿಲ್ ಆಯಿತು. ಬಂದ ಉತ್ತರದಲ್ಲಿ ಕಾಯುವ ಪಟ್ಟಿಯಲ್ಲಿದ್ದೀರಿ ಎಂದಿತ್ತು. ಹೊಸಬರನ್ನು ಗುಂಡಿಗೆ ಇಳಿಸಿದರೆ ಪಕ್ಕದಲ್ಲಿ ತಿಳಿದವರೊಬ್ಬರು ನಿಂತಿರಲೇಬೇಕು, ಆದ್ದರಿಂದ ಒಂದು ಗುಂಡಿಗೆ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಒಂದೇ ವಾರ ಕೇಳಿ ಕೂತವರಿಗೆ ಸಿಗುವುದು ಕಷ್ಟ. ‘ಸೀಸನ್‌ನಲ್ಲಿ ಯಾವ ವಾರವಾದರೂ ಸರಿ’ ಎಂದು ತಿಳಿಸಿದ ಮೇಲೆ ಕೊನೆಯ ಭಾಗದಲ್ಲಿ ನನಗೆ ಜಾಗ ಸಿಕ್ಕಿತು.

ಅಷ್ಟರಲ್ಲಿ ವೀಸಾ ವಿಚಾರ ತಲೆ ತಿಂದಿತ್ತು. ನಮ್ಮನೆಯವರದು ಕೆಲಸದ ವೀಸಾ, ನನ್ನದು ಡಿಪೆಂಡೆಂಟ್. ಸಂಬಳವಿಲ್ಲದ ಸ್ವಯಂಸೇವೆಗೆ ನನಗೆ ತೊಡಕಿರಲಿಲ್ಲ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರನ್ನು ಜೊತೆಗೆ ಕರೆದೊಯ್ಯುವ ಯೋಚನೆಯಿದ್ದರೆ ಎಚ್ಚರ: ಅವರಿಗೆ ನೋಂದಾಯಿತ ಚಾರಿಟಿಯಲ್ಲಿ ಮಾತ್ರ, ಒಟ್ಟು 30 ದಿನಕ್ಕೆ ಮೀರದಂತೆ ಅವಕಾಶ. ವಿದ್ಯಾರ್ಥಿ ವೀಸಾದವರು ತಮ್ಮ ಯೂನಿವರ್ಸಿಟಿಯಲ್ಲಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ನಿಯಮ ಬದಲಾಗುತ್ತಿರುತ್ತವೆ, ಸರ್ಕಾರದ ಜಾಲತಾಣವನ್ನು ಹೋಗುವ ಮುನ್ನ ಇನ್ನೊಮ್ಮೆ ನೋಡಿ.

ಯಾರೂ ಎಣಿಸದ ಅಡ್ಡಿ ಬಂದದ್ದು ಚುಚ್ಚುಮದ್ದಿನಿಂದ. ಮಣ್ಣು, ತುಕ್ಕು ಹಿಡಿದ ಕಬ್ಬಿಣ, ಕೈಗೆ ಗೀರು, ಇವು ದಿನವೂ ಇರುವುದರಿಂದ ಧನುರ್ವಾಯು ಲಸಿಕೆ ಇಲ್ಲದವರನ್ನು ಗುಂಡಿಗೆ ಇಳಿಸುವುದಿಲ್ಲ ಎಂದರು. ಶಾಲೆಯಲ್ಲಿ ಸೂಜಿ ಚುಚ್ಚಿಸಿಕೊಂಡ ನೆನಪು ನನಗಿದೆ, ಕಾರ್ಡು ಮಾತ್ರ ಊರಿನ ಮನೆಯ ಪೆಟ್ಟಿಗೆಯಲ್ಲಿ ಗೆದ್ದಲಿನ ಪಾಲಾಗಿದೆ. ದಾಖಲೆ ಇಲ್ಲದಿದ್ದರೆ ಇಲ್ಲಿನ ಲೆಕ್ಕದಲ್ಲಿ ಲಸಿಕೆಯೇ ಆಗಿಲ್ಲ. ಮೊದಲಿನಿಂದ ಮೂರು ಡೋಸ್, ಒಂದಕ್ಕೂ ಇನ್ನೊಂದಕ್ಕೂ ಒಂದು ತಿಂಗಳ ಅಂತರ. ಜಿಪಿ (ಊರಿನ ಸಾಮಾನ್ಯ ವೈದ್ಯರ) ಕ್ಲಿನಿಕ್‌ನಲ್ಲಿ ನರ್ಸ್‌ ಸಿಗುವುದಕ್ಕೇ ವಾರಗಟ್ಟಲೆ ಕಾಯಬೇಕಾಯಿತು. ಸೀಸನ್‌ನ ಕೊನೆಯಲ್ಲಿ ಜಾಗ ಸಿಕ್ಕಿದ್ದು ನನ್ನ ಅದೃಷ್ಟ, ಇಲ್ಲದಿದ್ದರೆ ಮೂರನೇ ಡೋಸ್ ಮುಗಿಯುವ ಮೊದಲೇ ಎಲ್ಲ ಮುಗಿದಿರುತ್ತಿತ್ತು. ಭಾರತದಿಂದ ಬಂದವರು ಅರ್ಜಿ ಹಾಕುವ ಮೊದಲೇ ಈ ಕೆಲಸ ಮಾಡಿಸಿಕೊಳ್ಳಿ. ಲಸಿಕೆಗೆ ದುಡ್ಡು ಕೊಡಬೇಕಾಗಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ನಿಧಿ ಅಗೆಯೋದು ನಮಗೆ ಆಗಿಬರಲ್ಲ ಕಣವ್ವ. ಬ್ಯಾಡ’ ಅಂದರು. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಸೀಮೆಯಲ್ಲಿ ಹಾಳು ಕೋಟೆಯನ್ನು ರಾತ್ರಿ ಹೊತ್ತು ಅಗೆಯುವವರು ಅಂದರೆ ನಿಧಿಗಳ್ಳರು. ಲಿಂಗ ಕಿತ್ತು, ವೀರಗಲ್ಲು ಉರುಳಿಸಿ, ನಿಂಬೆಹಣ್ಣು ಕುಂಕುಮ ಬಿಟ್ಟು ಹೋದ ಗುಂಡಿಗಳನ್ನು ನಾನೇ ನೋಡಿದ್ದೇನೆ. ‘ಇದು ಹಗಲು ಹೊತ್ತಲ್ಲಿ, ಸರ್ಕಾರದ ಒಪ್ಪಿಗೆ ತಗೊಂಡು, ಬರಕೊಂಡು ಬರಕೊಂಡು ಅಗೆಯೋದಮ್ಮ. ಸಿಕ್ಕಿದ್ದು ಯಾರೂ ಮನೆಗೆ ತಗೊಂಡು ಹೋಗಲ್ಲ’ ಅಂದೆ. ‘ಹಂಗಾದ್ರೆ ಏನು ಸಿಕ್ತದೆ ನಿನಗೆ?’ ಎಂದು ಕೇಳಿದರು. ಆ ಪ್ರಶ್ನೆ ಎಷ್ಟೋ ದಿನ ನನ್ನ ಜೊತೆ ಬಂತು.

ಖರ್ಚಿನ ವಿಷಯ. ನಾಲ್ಕು ಇಂಚಿನ ಗಟ್ಟಿ ಕರಣೆ 15 ಪೌಂಡ್ ಆಸುಪಾಸು. ತೆಳು ಅಲಗನ್ನು ಹಿಡಿಗೆ ರಿವೆಟ್ ಹೊಡೆದು ಕೂಡಿಸಿದ್ದು ಈ ಮಣ್ಣಿನಲ್ಲಿ ತಡೆಯುವುದಿಲ್ಲ, ಒಂದೇ ಉಕ್ಕಿನ ತುಂಡಿನಿಂದ ಮಾಡಿದ್ದೇ ಬೇಕು. ತಂಡದಲ್ಲಿ ಕೊಡುತ್ತಾರೆ, ಆದರೂ ಕೈಗೆ ಒಗ್ಗಿದ್ದು ಸ್ವಂತದ್ದೇ. ಮಂಡಿಗೆ ಕಟ್ಟುವ ಪ್ಯಾಡ್, ಮುಂಗಾಲಿಗೆ ಉಕ್ಕಿನ ಕವಚವಿರುವ ಬೂಟು, ಮಳೆ ಕೋಟು ಮತ್ತು ಪ್ಯಾಂಟು ಸೇರಿ ಇನ್ನೊಂದು ನೂರು ಪೌಂಡ್ ಮೀರಿತು. ಉಳಿದುಕೊಳ್ಳಲು ಕ್ಯಾಂಪ್‌ಸೈಟ್. ಬಾಡಿಗೆ ಕಡಿಮೆ, ಗಾಳಿ ಜಾಸ್ತಿ. ರೈಲಿನಲ್ಲಿ ಹಾವರ್‌ಫರ್ಡ್‌ವೆಸ್ಟ್, ಅಲ್ಲಿಂದ ಬಸ್ಸು, ಬಸ್ಸಿಳಿದ ಮೇಲೆ ನಡಿಗೆ. ಸಂಜೆ ಬಸ್ಸುಗಳು ಬೇಗ ನಿಲ್ಲುತ್ತವೆ, ಭಾನುವಾರ ನಂಬಿಕೊಳ್ಳುವ ಹಾಗೇ ಇಲ್ಲ. ಕಾರಿರುವವರ ಜೊತೆ ಮೊದಲ ದಿನವೇ ಮಾತಾಡಿಕೊಳ್ಳಿ, ಯಾರೂ ಇಲ್ಲವೆನ್ನುವುದಿಲ್ಲ. ಊಟಕ್ಕೆ ನಾನು ಒಯ್ದದ್ದು ಅವಲಕ್ಕಿ, ಶೇಂಗಾ ಚಟ್ನಿಪುಡಿ, ಒಣ ರೊಟ್ಟಿ. ಅದು ಮಳೆಯಲ್ಲೂ ಕೆಡದ ಊಟ. ಹತ್ತಿರದಲ್ಲಿ ಅಂಗಡಿಯಿಲ್ಲ.

ಹೆಂಗಸರಿಗೆ ಒಂದು ಮಾತು. ಶೌಚಾಲಯ ಎಲ್ಲಿದೆ, ಎಷ್ಟು ದೂರ ಎಂದು ಮುಂಚೆಯೇ ಕೇಳಿ. ಕೇಳಲು ಸಂಕೋಚಪಟ್ಟು ನೀರು ಕುಡಿಯುವುದನ್ನು ಕಡಿಮೆ ಮಾಡಿಕೊಂಡವರನ್ನು ನೋಡಿದೆ; ಬಿಸಿಲಿನಲ್ಲಿ ಅದು ಅಪಾಯ. ಜರೀಗಿಡಗಳ ನಡುವೆ ಓಡಾಡುವುದರಿಂದ ಉಣ್ಣಿಗಳು ಕಚ್ಚುತ್ತವೆ. ದಿನವೂ ಸಂಜೆ ಮೈಕೈ ನೋಡಿಕೊಳ್ಳಬೇಕು, ಕಚ್ಚಿದ ಜಾಗದ ಸುತ್ತ ಕೆಂಪು ಬಳೆಯಂತೆ ಹರಡಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಮೊದಲ ಬೆಳಗ್ಗೆ ಪೂರ್ತಿ ನಿಯಮಗಳು. ಇದು ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕ. ಒಪ್ಪಿಗೆ ಪತ್ರದಲ್ಲಿ ಗುರುತು ಮಾಡಿದ ಜಾಗ ಬಿಟ್ಟು ಒಂದು ಗುದ್ದಲಿ ಪೆಟ್ಟು ಹಾಕಿದರೂ ಅಪರಾಧ. ಗುಂಡಿಯ ಅಂಚಿನಲ್ಲಿ ಕೂರಬಾರದು, ಅಂಚು ಕುಸಿದರೆ ಪದರಗಳ ಸಾಕ್ಷ್ಯವೇ ಹೋಯಿತು. ಸಣ್ಣ ಚೂರೂ ಜೇಬಿಗೆ ಹೋಗಬಾರದು. 300 ವರ್ಷಕ್ಕಿಂತ ಹಳೆಯದಾದ ಬೆಳ್ಳಿ ಬಂಗಾರದ ವಸ್ತು ಸಿಕ್ಕರೆ 1996ರ ಟ್ರೆಷರ್ ಕಾಯ್ದೆಯಂತೆ 14 ದಿನದೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ತಂಡ ಪ್ರಕಟಿಸುವವರೆಗೆ ಸಿಕ್ಕಿದ್ದರ ಫೋಟೊವನ್ನು ಯಾರೂ ಹಂಚಿಕೊಳ್ಳಬಾರದು. ಯಾಕೆಂದರೆ ಇಲ್ಲಿಯೂ ರಾತ್ರಿ ಹೊತ್ತು ಲೋಹಶೋಧಕ ಹಿಡಿದು ಬಂದು ಅಗೆಯುವವರಿದ್ದಾರೆ. ಅಮ್ಮನ ಭಯಕ್ಕೆ ಕಾರಣರಾದವರ ನೆಂಟರು ಇಲ್ಲಿಯೂ ಇದ್ದಾರೆಂದು ಗೊತ್ತಾದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಮಂಡಿಯೂರಿ ಕೂತು, ಕರಣೆಯ ಅಂಚಿನಿಂದ ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, ಹಿಂದೆ ಹಿಂದೆ ಸರಿಯಬೇಕು. ಕೆರೆದ ನೆಲವನ್ನು ಮತ್ತೆ ತುಳಿಯಬಾರದು. ಹೊರಗೆ ಬಂದ ಮಣ್ಣನ್ನು ಮೊರಕ್ಕೆ ತುಂಬಿ ಬಕೆಟ್ಟಿಗೆ, ಬಕೆಟ್ಟಿನಿಂದ ಕೈಗಾಡಿಗೆ, ಹಲಗೆ ಹಾಸಿದ ದಾರಿಯಲ್ಲಿ ತಳ್ಳಿಕೊಂಡು ರಾಶಿಗೆ. ಅರ್ಧ ದಿನದಲ್ಲಿ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ. ಕಾಲ್ಬೆರಳಷ್ಟು ಆಳವೂ ಇಳಿದಿರಲಿಲ್ಲ. ನಮ್ಮ ಗುಂಡಿಯ ಮೇಲ್ವಿಚಾರಕಿ ನನಗಿಂತ ಹತ್ತು ವರ್ಷ ಚಿಕ್ಕವಳು, ಸಂಶೋಧನಾ ವಿದ್ಯಾರ್ಥಿನಿ. ‘ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ಕೇಳು’ ಅಂದಳು. ನಿಜ. ಕುಸಿದ ಸಡಿಲು ಮಣ್ಣಿನ ಮೇಲೆ ಕರಣೆಯ ಸದ್ದು ಬೇರೆ, ಜನ ತುಳಿದು ಗಟ್ಟಿಯಾದ ನೆಲದ ಮೇಲೆ ಬೇರೆ. ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸ ಬಂದರೂ ಕೈ ನಿಲ್ಲಿಸಿ ಕರೆಯಬೇಕು. ಆಗ ಹೊಸದಾಗಿ ಒಂದು ಸಂಖ್ಯೆ ಕೊಡುತ್ತಾರೆ.

ಆ ಸಂಖ್ಯೆಯೇ ಇಡೀ ಕೆಲಸದ ಜೀವ. ಇಲ್ಲಿ ಅದನ್ನು ಕಾಂಟೆಕ್ಸ್ಟ್ ಎನ್ನುತ್ತಾರೆ. ಒಂದು ಪದರ, ಒಂದು ಗೋಡೆ, ತೋಡಿದ ಒಂದು ಕುಳಿ, ಆ ಕುಳಿ ತುಂಬಿದ ಮಣ್ಣು, ಪ್ರತಿಯೊಂದಕ್ಕೂ ಬೇರೆ ಸಂಖ್ಯೆ, ಬೇರೆ ಹಾಳೆ. ಮಣ್ಣಿನ ಬಣ್ಣ, ಗಟ್ಟಿತನ, ಮರಳೋ ಜೇಡಿಯೋ, ಒಳಗೆ ಎಷ್ಟು ಇದ್ದಿಲು ಎಷ್ಟು ಕಲ್ಲು, ಉದ್ದಗಲ, ಯಾವುದರ ಮೇಲಿದೆ, ಯಾವುದರ ಕೆಳಗಿದೆ, ಯಾವುದನ್ನು ಕತ್ತರಿಸಿದೆ, ಎಲ್ಲ ಬರೆಯಬೇಕು. ಸಿಕ್ಕ ಮೊಳೆ, ಚೂರು ಯಾವ ಸಂಖ್ಯೆಯ ಮಣ್ಣಿನಿಂದ ಬಂತು ಎಂಬುದು ಚೀಲದ ಮೇಲೂ ಇರಬೇಕು, ಚೀಲದೊಳಗಿನ ಚೀಟಿಯಲ್ಲೂ ಇರಬೇಕು. ಸಂಖ್ಯೆ ತಪ್ಪಿದ ಬಂಗಾರಕ್ಕಿಂತ ಸಂಖ್ಯೆಯಿರುವ ಇದ್ದಿಲು ಇಲ್ಲಿ ಹೆಚ್ಚಿನದು. ಈ ಪದರವನ್ನು ನೋಡಲು ಸಿಗುವುದು ಒಂದೇ ಸಲ, ಕೆರೆದು ತೆಗೆದ ಮೇಲೆ ಯಾರಿಗೂ ಅದು ಮತ್ತೆ ಸಿಗುವುದಿಲ್ಲ. ಮೊದಲೆರಡು ದಿನ ಹಾಳೆ ತುಂಬುವುದು ಬೇಸರದ ಕೆಲಸ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ನಾವು ಮಾಡುತ್ತಿದ್ದದ್ದು ಇದನ್ನೇ. ನಿಧಿಗಳ್ಳನ ಗುಂಡಿಗೂ ನಮ್ಮ ಗುಂಡಿಗೂ ಇರುವ ವ್ಯತ್ಯಾಸ ಪೂರ್ತಿ ಆ ಹಾಳೆಯಲ್ಲಿದೆ.

ಆಮೇಲೆ ನಕ್ಷೆ. ಒಂದು ಮೀಟರ್ ಚೌಕದ ಮರದ ಚೌಕಟ್ಟಿಗೆ 20 ಸೆಂಟಿಮೀಟರಿಗೊಂದು ದಾರ ಬಿಗಿದಿರುತ್ತದೆ. ಅದನ್ನು ನೆಲದ ಮೇಲಿಟ್ಟು, ನೇರ ಮೇಲಿನಿಂದ ನೋಡುತ್ತ, ಪ್ರತಿ ಕಲ್ಲನ್ನೂ 1:20 ಅಳತೆಯಲ್ಲಿ ಚಿತ್ರಿಸಬೇಕು. ಗುಂಡಿಯ ಪಕ್ಕದ ಗೋಡೆಯಾದರೆ 1:10. ಕಾಗದ ಮಳೆಗೆ ನೆನೆಯುತ್ತದೆಂದು ಪ್ಲಾಸ್ಟಿಕ್ ಹಾಳೆ, ಮೇಲೆ ಗಟ್ಟಿ ಮೊನೆಯ ಪೆನ್ಸಿಲ್. ಚಿತ್ರ ಬರುವುದಿಲ್ಲ ಎಂದು ಹಿಂಜರಿಯುವವರು ಹೆದರಬೇಡಿ, ಇಲ್ಲಿ ಬೇಕಾದದ್ದು ಅಳತೆ. ಹೈಸ್ಕೂಲಿನ ಗ್ರಾಫ್ ನೆನಪಿದ್ದರೆ ಸಾಕು.

ನನಗೆ ಕೊಟ್ಟದ್ದು ಕುಸಿದ ಗೋಡೆಯೊಂದರ ಪಕ್ಕದ ಜಾಗ. ನೆವರ್ನ್ ಕೋಟೆಯ ಗೋಡೆಗಳು ಸ್ಲೇಟು ಕಲ್ಲಿನವು, ಗಾರೆಯಿಲ್ಲ, ಜೇಡಿಮಣ್ಣೇ ಕಲ್ಲನ್ನು ಹಿಡಿದಿರುವುದು. ಬಿದ್ದ ಮೇಲೆ ಕಲ್ಲೂ ಜೇಡಿಯೂ ಸೇರಿ ಒಂದೇ ರಾಶಿ. ಎಲ್ಲಿಯವರೆಗೆ ನಿಂತ ಗೋಡೆ, ಎಲ್ಲಿಂದ ಬಿದ್ದ ಗೋಡೆ ಎಂದು ಬಿಡಿಸುವುದೇ ಅಲ್ಲಿನ ದೊಡ್ಡ ಪರೀಕ್ಷೆ. ಕಟ್ಟಿದ ಕಲ್ಲು ಮಟ್ಟಸವಾಗಿ ಮಲಗಿರುತ್ತದೆ, ಬಿದ್ದದ್ದು ಇಳಿಜಾರಿಗೆ ವಾಲಿರುತ್ತದೆ. ಆದರೆ ಎಂಟುನೂರು ವರ್ಷಗಳಲ್ಲಿ ಬೆಳೆದ ಮರಗಳ ಬೇರುಗಳು ಮಟ್ಟಸವಾದದ್ದನ್ನೂ ಎತ್ತಿ ವಾಲಿಸಿರುತ್ತವೆ. ಒಂದು ಕಲ್ಲು ತೆಗೆಯಲೋ ಬಿಡಲೋ ಎಂದು ಮೂವರು ಕೂತು ಒಂದು ಗಂಟೆ ಮಾತಾಡಿದ್ದಿದೆ. ನಮ್ಮ ಜೊತೆಗಿದ್ದ ನಿವೃತ್ತ ರೈತರೊಬ್ಬರು ಜೀವಮಾನವಿಡೀ ಹೊಲದ ಕಲ್ಲುಬೇಲಿ ಕಟ್ಟಿದವರು. ಅವರು ಬಗ್ಗಿ ನೋಡಿ, ‘ಇದನ್ನು ಯಾರೋ ಇಟ್ಟದ್ದು, ತಾನಾಗಿ ಬಿದ್ದದ್ದಲ್ಲ’ ಎಂದರೆ ಮೇಲ್ವಿಚಾರಕಿಯೂ ಅದನ್ನು ಬರೆದುಕೊಳ್ಳುತ್ತಿದ್ದಳು. ಊರಿನವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ಅವರಿಗೆ ಉಪಕಾರ ಮಾಡಲಿಕ್ಕೆ ಎಂದುಕೊಂಡವರು ಆ ಹೊತ್ತಿನಲ್ಲಿ ಅಲ್ಲಿರಬೇಕಿತ್ತು.

ಈ ಸ್ಲೇಟುಗಳನ್ನು ಹಾಗೇ ರಾಶಿಗೆ ಎಸೆಯುವಂತಿಲ್ಲ. ಹಿಂದಿನ ಸೀಸನ್‌ಗಳಲ್ಲಿ ಕೋಟೆಯ ದಕ್ಷಿಣದ ಬಾಗಿಲಿನ ಬಳಿ ನಕ್ಷತ್ರದಂತಹ ಗುರುತುಗಳನ್ನು ಗೀರಿದ ಸ್ಲೇಟುಗಳು ಸಿಕ್ಕಿದ್ದವು. 1170ರಿಂದ 1190ರ ನಡುವೆ, ಕಲ್ಲಿನ ಗೋಡೆ ಏಳುವಾಗ, ಕೂಲಿಯಾಳೋ ಸೈನಿಕನೋ ಕೆಟ್ಟದ್ದು ಒಳಗೆ ಬಾರದಿರಲಿ ಎಂದು ಗೀರಿ ಬಾಗಿಲಲ್ಲಿ ಇಟ್ಟದ್ದು ಎಂಬುದು ಉತ್ಖನನ ಮಾಡಿದವರ ಅಭಿಪ್ರಾಯ. ಅದನ್ನು ಕೇಳಿದಾಗ ಮೈ ಜುಮ್ಮೆಂದಿತು. ಹೊಸ್ತಿಲಿನ ಮುಂದೆ ನಾವು ಎಳೆಯುವ ರಂಗೋಲಿಯ ಹಾಗೆ, ಹೆಸರಿಲ್ಲದ ಒಬ್ಬನ ಕೈ ಇಲ್ಲಿಯೂ ಬಾಗಿಲನ್ನು ಕಾಯಲು ಗೆರೆ ಎಳೆದಿದೆ. ಆದ್ದರಿಂದ ನಮ್ಮ ಪಾಲಿನ ಪ್ರತಿಯೊಂದು ಸ್ಲೇಟನ್ನೂ ತಿರುಗಿಸಿ, ಒದ್ದೆ ಮಾಡಿ, ಓರೆ ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಬೇಕು. ನಾನು ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿದ್ದು ಇದೇ ಕಲ್ಲಿನ ಮೇಲೆ. ನೂರಾರು ಸ್ಲೇಟು ನೋಡಿದ ಮೇಲೆ ಒಂದರ ಮೇಲೆ ಒಂದನ್ನೊಂದು ಕತ್ತರಿಸುವ ತೆಳು ಗೆರೆಗಳು ಕಂಡವು. ಕೈ ನಡುಗಿತು. ಎಲ್ಲರೂ ಬಂದರು, ಕೈದೀಪ ತಂದರು, ಫೋಟೊ ತೆಗೆದರು. ಪರಿಣತರು ನೋಡಲು ಸಂಜೆಯಾಯಿತು. ಅಷ್ಟು ಹೊತ್ತು ಏನು ತಿಂದೆನೋ ಏನು ಮಾತಾಡಿದೆನೋ ನೆನಪಿಲ್ಲ. ಕಲ್ಲಿನೊಳಗಿನ ಸಹಜ ಸೀಳುಗಳು ಎಂದು ತೀರ್ಮಾನವಾಯಿತು. ಅದನ್ನೂ ಹಾಳೆಯಲ್ಲಿ ಬರೆದಿಟ್ಟೆವು. ಆ ರಾತ್ರಿ ಟೆಂಟಿನಲ್ಲಿ ನಿದ್ದೆ ಬರಲಿಲ್ಲ.

ಮಳೆ. ಇಲ್ಲಿ ಬೇಸಿಗೆಯೆಂದರೆ ಮಳೆಯಿಲ್ಲದ ಕಾಲವಲ್ಲ. ರಾತ್ರಿ ಸುರಿದರೆ ಬೆಳಗ್ಗೆ ಗುಂಡಿಯಲ್ಲಿ ಕೆರೆ. ಪಂಪು ಹಾಕಿದರೆ ಮಣ್ಣೂ ಹೋಗುತ್ತದೆಂದು ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡುತ್ತ ಗಂಟೆಗಳೇ ಕಳೆಯುತ್ತವೆ. ಒದ್ದೆ ಜೇಡಿಯ ಮೇಲೆ ಕಾಲಿಟ್ಟರೆ ಪದರ ಕೆಡುತ್ತದೆ, ಹಾಗಾಗಿ ಕೆಲವು ದಿನ ಇಳಿಯುವುದೇ ಇಲ್ಲ. ಅಂಥ ದಿನಗಳಲ್ಲಿ ಮಾತು.

ಅಂಥ ಒಂದು ದಿನ ಊರು ಯಾವುದೆಂದು ಕೇಳಿದರು. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಹತ್ತಿರ ಅಂದೆ. ಮೇಲ್ವಿಚಾರಕಿ ಚಹಾದ ಕಪ್ಪು ಕೆಳಗಿಟ್ಟಳು. ‘ವೀಲರ್‌ನ ಬ್ರಹ್ಮಗಿರಿಯಾ?’ ಹೌದು, ಅದೇ. ಮಾರ್ಟಿಮರ್ ವೀಲರ್ ಭಾರತಕ್ಕೆ ಬರುವ ಮೊದಲು ವೇಲ್ಸ್‌ನವರಿಗೆ ಬೇಕಾದ ಮನುಷ್ಯ: 1924ರಿಂದ 26ರವರೆಗೆ ಕಾರ್ಡಿಫ್‌ನ ರಾಷ್ಟ್ರೀಯ ಮ್ಯೂಸಿಯಂನ ನಿರ್ದೇಶಕ. ಸೆಗೊಂಟಿಯಂ, ಬ್ರೆಕನ್, ಕೇರ್ಲಿಯನ್ ಮುಂತಾದ ಕಡೆ ರೋಮನ್ನರ ನೆಲೆಗಳನ್ನು ಅಗೆದವನು. 1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥನಾಗಿ ಬಂದು, 1947ರಲ್ಲಿ ನಮ್ಮ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆಸಿದ. ಅದಕ್ಕೂ ಮೊದಲೇ ಮೈಸೂರಿನ ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ ಎರಡೂ ಕಡೆ ಅಗೆದಿದ್ದರು. ಈ ಎರಡನೆಯ ಹೆಸರು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ಹೇಳಿದೆ, ಬರೆದುಕೊಂಡರು. ನಮ್ಮಜ್ಜ ವೀಲರ್‌ನ ಗುಂಡಿಯಲ್ಲಿ ಮಣ್ಣಿನ ಬುಟ್ಟಿ ಹೊತ್ತಿದ್ದರಂತೆ. ಏನು ಹುಡುಕುತ್ತಿದ್ದಾರೆ ಎಂದು ಕೊನೆಯವರೆಗೂ ಯಾರೂ ಹೇಳಲಿಲ್ಲ ಎಂದು ಅಜ್ಜ ಹೇಳುತ್ತಿದ್ದರೆಂದು ಅಪ್ಪನಿಂದ ಕೇಳಿದ್ದೇನೆ. ಅಜ್ಜನ ಹೆಸರು ಯಾವ ಕಡತದಲ್ಲೂ ಇಲ್ಲ. ನನ್ನ ಗುಂಡಿಯಲ್ಲಿ ನಾನು ತುಂಬಿದ ಪ್ರತಿ ಹಾಳೆಯ ಮೂಲೆಯಲ್ಲಿ ನನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಲೇಬೇಕೆಂಬ ನಿಯಮವಿತ್ತು. ಅಮ್ಮನ ಪ್ರಶ್ನೆಗೆ ನನ್ನ ಬಳಿ ಉತ್ತರ ಬಂದದ್ದು ಅಂದು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಈ ಕೋಟೆಯ ಒಡೆತನ ನೆವರ್ನ್ ಗ್ರಾಮದ ಕಮ್ಯುನಿಟಿ ಕೌನ್ಸಿಲ್‌ದು, ನಮ್ಮ ಗ್ರಾಮ ಪಂಚಾಯಿತಿಗೆ ಸಮವೆನ್ನಬಹುದಾದ ಸಂಸ್ಥೆ. ಪೆಂಬ್ರೋಕ್‌ಶೈರ್ ಕರಾವಳಿ ರಾಷ್ಟ್ರೀಯ ಉದ್ಯಾನದವರು ಅವರ ಜೊತೆ ಸೇರಿ ನೋಡಿಕೊಳ್ಳುತ್ತಾರೆ. ಸಂಜೆ ನಾಯಿ ಕರೆದುಕೊಂಡು ಬರುವ ಊರಿನವರು ‘ಇವತ್ತು ನಮ್ಮ ಕೋಟೆಯಲ್ಲಿ ಏನು ಬಂತು?’ ಎಂದೇ ಕೇಳುವುದು. ನಮ್ಮಲ್ಲಿ ಪಹಣಿಯಲ್ಲಿ ಸರ್ಕಾರಿ ಎಂದಿರುವ ಕೋಟೆಗೂ ಊರಿಗೂ ಸಂಬಂಧವೇ ಇಲ್ಲವೆನ್ನುವ ಹಾಗಾಗಿದೆ. ಭಾರತದಲ್ಲಿ ಉತ್ಖನನದ ಪರವಾನಗಿ ಪುರಾತತ್ತ್ವ ಸರ್ವೇಕ್ಷಣದಿಂದ ಬರಬೇಕು, ಅದು ಸಿಗುವುದು ವಿಶ್ವವಿದ್ಯಾಲಯ, ಇಲಾಖೆಗಳಂಥ ಸಂಸ್ಥೆಗಳಿಗೆ. ಇದು ಸರಿಯೇ, ಊರಿನವರು ತಾವಾಗಿ ಅಗೆಯಕೂಡದು. ಆದರೆ ಅಗೆಯುವವರ ಪಕ್ಕದಲ್ಲಿ ಕೂತು ಹಾಳೆ ತುಂಬುವುದನ್ನು ಊರಿನ ಹುಡುಗ ಹುಡುಗಿಯರಿಗೆ ಕಲಿಸಬಹುದು. ಬೆಂಗಳೂರಿನಲ್ಲಿ ಆಸಕ್ತರು ಸೇರಿ ಶಾಸನಗಳನ್ನು ಹುಡುಕಿ, ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಸ್ಥೆಯ ಜೊತೆಯಲ್ಲಿ ಮೂರು ಆಯಾಮದ ಸ್ಕ್ಯಾನ್ ಮಾಡಿಸಿ ಉಳಿಸುತ್ತಿಲ್ಲವೇ? ಅಗೆಯದೆಯೂ ಎಷ್ಟು ಮಾಡಬಹುದೆಂದು ಅವರು ತೋರಿಸಿಕೊಟ್ಟಿದ್ದಾರೆ.

ಕೊನೆಯ ದಿನಗಳ ಕೆಲಸ ಮನಸ್ಸಿಗೆ ಕಷ್ಟ. ಫೋಟೊಕ್ಕೆಂದು ಗುಂಡಿಯನ್ನು ಬ್ರಷ್ಷಿನಲ್ಲಿ ಗುಡಿಸಿ, ಅಳತೆಕೋಲು, ದಿಕ್ಕಿನ ಬಾಣ ಇಟ್ಟು, ಮೋಡ ಬಂದು ನೆರಳು ಹೋಗಲೆಂದು ಕಾದು ತೆಗೆದದ್ದಾಯಿತು. ಅದರ ಮೇಲೆ ಬಟ್ಟೆ ಹಾಸಿ, ಅಷ್ಟು ದಿನ ಹೊತ್ತ ಮಣ್ಣನ್ನೆಲ್ಲ ಮತ್ತೆ ಸುರಿದು ಮುಚ್ಚಿದೆವು. ಗಾಳಿ, ಮಳೆ, ಹಿಮಕ್ಕೆ ಬಿಟ್ಟರೆ ಜೇಡಿ ಕಟ್ಟಿನ ಗೋಡೆ ಒಂದೆರಡು ಚಳಿಗಾಲದಲ್ಲಿ ಕರಗಿ ಹೋಗುತ್ತದೆ. ಮುಚ್ಚಿದರೇ ಅದು ಉಳಿಯುವುದು. ಗೊತ್ತಿದ್ದೂ ಕಣ್ಣು ತುಂಬಿತು. ಅದೇ ಕೈಗಾಡಿ, ಅದೇ ಹಲಗೆ, ದಿಕ್ಕು ಮಾತ್ರ ತಿರುಗಿತ್ತು.

ಬಹಳ ಜನ ಇಲ್ಲಿಗೆ ಮುಗಿಯಿತೆಂದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶರತ್ಕಾಲದಲ್ಲಿ ಒಳಾಂಗಣದ ಕೆಲಸ ಶುರುವಾಗುತ್ತದೆ, ಅದಕ್ಕೆ ಜನ ಸಾಲುವುದಿಲ್ಲ, ಮಂಡಿ ನೋವಿನವರಿಗೂ ವಯಸ್ಸಾದವರಿಗೂ ಇದು ಹೇಳಿ ಮಾಡಿಸಿದ್ದು. ಮಡಕೆ ಚೂರುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಂದೊಂದು ಕಾಂಟೆಕ್ಸ್ಟಿನದನ್ನು ಒಂದೊಂದು ತಟ್ಟೆಯಲ್ಲಿ ನೆರಳಲ್ಲಿ ಒಣಗಿಸಬೇಕು. ಲೋಹಕ್ಕೆ ನೀರು ಸೋಕಿಸಲೇಬಾರದು. ಚೀಲಗಟ್ಟಲೆ ಮಣ್ಣನ್ನು ನೀರಿನ ತೊಟ್ಟಿಗೆ ಹಾಕಿ ಕಲಕಿದರೆ ಸುಟ್ಟು ಕರಿಯಾದ ಕಾಳುಗಳು ತೇಲಿ ಬರುತ್ತವೆ, ಅವನ್ನು ಸಣ್ಣ ಜರಡಿಯಲ್ಲಿ ಹಿಡಿಯಬೇಕು. ಆ ಸೀಮೆಯ ಮಣ್ಣು ಹುಳಿ, ಮೂಳೆ ಬೇಗ ಕರಗುತ್ತದೆ, ಆದ್ದರಿಂದ ಜನ ಏನು ತಿಂದರೆಂದು ತಿಳಿಯಲು ಈ ಕಾಳುಗಳೇ ದಿಕ್ಕು.

ನನ್ನ ಪಾಲಿಗೆ ಸಿಕ್ಕಿದ್ದು ತುಕ್ಕಿನ ಮುದ್ದೆಯಾದ ಒಂದು ಮೊಳೆ, ಮತ್ತೆ ಅಂಗೈಯ ಕಾಲುಭಾಗದಷ್ಟು ಒಂದು ಮಡಕೆ ಚೂರು. ಮಡಕೆಗಳನ್ನು ಬಲ್ಲವರು ಅದನ್ನು ನೋಡಿ, ಸಣ್ಣ ಹರಳು ಬೆರೆಸಿ ಮಾಡಿದ ಸ್ಥಳೀಯ ಅಡುಗೆ ಮಡಕೆ, ಡವೆಡ್ ಗ್ರಾವೆಲ್ ಟೆಂಪರ್ಡ್ ವೇರ್ ಎಂದರು. ಬೆಂಕಿಯ ಮೇಲೆ ಒಡೆಯದಿರಲಿ ಎಂದು ಹರಳು ಬೆರೆಸುವುದು. ಹೊರಮೈಯಲ್ಲಿ ಮಸಿ ಇನ್ನೂ ಇತ್ತು. ಒಳಗೆ ಯಾವ ಅಡುಗೆ ಬೆಂದಿತ್ತೋ. ಮಸಿಯನ್ನು ಉಜ್ಜಬಾರದು ಎಂದು ಮೊದಲೇ ಹೇಳಿದ್ದರು, ಆ ಚೂರನ್ನು ಹಾಗೇ ಚೀಲಕ್ಕೆ ಹಾಕಿ ಸಂಖ್ಯೆ ಬರೆದೆ. ಪೂರ್ತಿ ವರದಿ ಬರಲು ವರ್ಷಗಳು ಹಿಡಿಯುತ್ತವೆ, ಇಲ್ಲಿ ಯಾರೂ ಅದಕ್ಕೆ ಅವಸರ ಮಾಡುವುದಿಲ್ಲ.

ಹೋಗಬೇಕೆನ್ನುವವರಿಗೆ ಕೊನೆಯ ಮಾಹಿತಿ. ಒಂದು ಕೋಟೆಯಲ್ಲಿ ಉತ್ಖನನ ಕೆಲವು ಸೀಸನ್ ನಡೆದು ನಿಲ್ಲುತ್ತದೆ, ಆದ್ದರಿಂದ ಸ್ಥಳ ಹುಡುಕುವಾಗ ಹೆಸರಿಗೆ ಅಂಟಿಕೊಳ್ಳಬೇಡಿ. ಕೌನ್ಸಿಲ್ ಫಾರ್ ಬ್ರಿಟಿಷ್ ಆರ್ಕಿಯಾಲಜಿಯ ಜಾಲತಾಣ ನೋಡಿ. ಜೊತೆಗೆ ನಿಮ್ಮ ಜಿಲ್ಲೆಯ ಪುರಾತತ್ತ್ವ ಸಂಘಕ್ಕೆ ಸದಸ್ಯರಾಗಿ. ಚಂದಾ ಕಡಿಮೆ, ಜಾಗ ಖಾಲಿಯಾದಾಗ ಮೊದಲು ಕರೆಯುವುದು ಸದಸ್ಯರನ್ನೇ. 8ರಿಂದ 16 ವರ್ಷದ ಮಕ್ಕಳಿಗೆ ಯಂಗ್ ಆರ್ಕಿಯಾಲಜಿಸ್ಟ್ಸ್ ಕ್ಲಬ್ ಇದೆ, ನಮ್ಮ ಮಗಳನ್ನು ಈಗ ಅದಕ್ಕೆ ಸೇರಿಸಿದ್ದೇವೆ. ಬೇಸಿಗೆಯ ಪಟ್ಟಿಗಳು ಹೊಸ ವರ್ಷದ ಆಸುಪಾಸಿನಲ್ಲೇ ಬರತೊಡಗುತ್ತವೆ. ಚುಚ್ಚುಮದ್ದಿನ ಅಪಾಯಿಂಟ್‌ಮೆಂಟ್ ಅದಕ್ಕೂ ಮೊದಲೇ ತೆಗೆದುಕೊಳ್ಳಿ.